ಹೊಳಪಿನ ಲೆಕ್ಕ

ಬಿಸಿಲಿನಲ್ಲಿ ನಿಲ್ಲಿಸಿದ ಕಪ್ಪು ಕಾರೊಂದರ ಬಾನೆಟ್ಟನ್ನು ಗಮನವಿಟ್ಟು ನೋಡಿದವರಿಗೆ ಒಂದು ವಿಚಿತ್ರ ದೃಶ್ಯ ಕಾಣಸಿಗುವುದು. ಸೂರ್ಯನ ಪ್ರತಿಬಿಂಬದ ಸುತ್ತಲೂ ಜೇಡರ ಬಲೆಯನ್ನು ಹರಡಿದಂತೆ ಸಾವಿರಾರು ಸೂಕ್ಷ್ಮ ಗೀರುಗಳು ಸುಳಿಸುಳಿಯಾಗಿ ಮಿನುಗುತ್ತಿರುತ್ತವೆ. ಕಾರಿನ ಒಡೆಯನಿಗೆ ಇದು ಸಹಿಸಲಾಗದ ನೋಟ. ಇವನ್ನು ಹೋಗಲಾಡಿಸುವ ಬಗೆ ಹೇಗೆಂದು ಆತ ನಾಲ್ವರನ್ನು ವಿಚಾರಿಸುತ್ತಾನೆ. ಕೈಯಿಂದಲೇ ಉಜ್ಜಬೇಕು, ಯಂತ್ರವನ್ನು ಮುಟ್ಟಿಸಲೇಬಾರದು ಎಂದು ಇಬ್ಬರು ಹೇಳುತ್ತಾರೆ. ಕೈಯಿಂದ ಆಗುವ ಕೆಲಸ ಇದಲ್ಲ, ಯಂತ್ರವೇ ಬೇಕು ಎಂದು ಉಳಿದಿಬ್ಬರು ಹೇಳುತ್ತಾರೆ. ಕೈಯೋ ಯಂತ್ರವೋ ಎಂಬ ಈ ವಾದ ನಮ್ಮಲ್ಲಿ ಬಹಳ ದಿನಗಳಿಂದ ನಡೆದುಬಂದಿದೆ. ಆದರೆ ಕೇಳಬೇಕಾದ ಮೊದಲನೆಯ ಪ್ರಶ್ನೆ ಅದಲ್ಲವೆಂಬುದು ನನ್ನ ಅಭಿಪ್ರಾಯ. ಉಜ್ಜಿದಾಗ ಹೋಗುವುದು ಏನು, ಉಳಿಯುವುದು ಎಷ್ಟು ಎಂಬುದೇ ಮೊದಲನೆಯ ಪ್ರಶ್ನೆ.

ಈ ಪ್ರಶ್ನೆಯನ್ನು ಕೇಳದೆ ಕೆಲಸಕ್ಕೆ ಕೈಹಾಕಿದ ಮೂಢರಲ್ಲಿ ನಾನೂ ಒಬ್ಬ. ನಮ್ಮ ತಂದೆಯವರು ನಿವೃತ್ತರಾದ ಮೇಲೆ ಕೊಂಡ ಕಡುನೀಲಿ ಬಣ್ಣದ ಕಾರೊಂದು ಮನೆಯಲ್ಲಿತ್ತು. ತಂಗಿಯ ಮದುವೆಗೆ ಮುಂಚೆ ಅದನ್ನು ಕನ್ನಡಿಯಂತೆ ಮಾಡಬೇಕೆಂಬ ಹಂಬಲದಿಂದ ಬಾಡಿಗೆಗೆ ಒಂದು ಬಫಿಂಗ್ ಯಂತ್ರವನ್ನು ತಂದೆನು. "ಗೀರಿದ್ದರೆ ಇರಲಿ ಬಿಡಪ್ಪ, ಓಡುವುದಕ್ಕೆ ಅದೇನು ಅಡ್ಡಿ?" ಎಂದು ತಂದೆಯವರು ಹೇಳಿದರು. ಭೌತಶಾಸ್ತ್ರವನ್ನು ಪಾಠ ಹೇಳುವ ನನಗೆ ಆ ಮಾತು ರುಚಿಸಲಿಲ್ಲ. ಅಂದು ಸಂಜೆಯ ವೇಳೆಗೆ ಕಾರು ನಿಜವಾಗಿಯೂ ಹೊಳೆಯಿತು. ಬಂದ ನೆಂಟರೆಲ್ಲ ಹೊಗಳಿದರು. ಆದರೆ ಬಾನೆಟ್ಟಿನ ಒಂದು ಅಂಚಿನಲ್ಲಿ ಅಂಗೈಯಗಲದ ಜಾಗ ಮಾತ್ರ ಎಷ್ಟು ಉಜ್ಜಿದರೂ ಮಂಕಾಗಿಯೇ ಉಳಿಯಿತು. ಎರಡು ಬೇಸಗೆ ಕಳೆಯುವಷ್ಟರಲ್ಲಿ ಆ ಅಂಚಿನಿಂದ ಮೇಲ್ಪದರವು ಹಾವಿನ ಪೊರೆಯಂತೆ ಬಿಳಿಚಿಕೊಂಡು ಸುಲಿಯತೊಡಗಿತು. ಕೊನೆಗೆ ಬಾನೆಟ್ಟಿಗೆಲ್ಲ ಹೊಸದಾಗಿ ಬಣ್ಣ ಹೊಡೆಸಬೇಕಾಯಿತು. ತಪ್ಪು ಯಂತ್ರದ್ದಲ್ಲ, ನನ್ನದು. ಆ ತಪ್ಪಿನಿಂದ ಕಲಿತುದನ್ನು ವಿದ್ಯಾರ್ಥಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾರಿನ ಬಣ್ಣವೆಂದರೆ ಏನೆಂಬುದನ್ನು ನೋಡೋಣ. ಇಂದಿನ ಬಹುಪಾಲು ಕಾರುಗಳಲ್ಲಿ ಬಣ್ಣವೆಂಬುದು ಒಂದೇ ಪದರವಲ್ಲ. ಉಕ್ಕಿನ ತಗಡಿನ ಮೇಲೆ ತುಕ್ಕನ್ನು ತಡೆಯುವ ಪದರ, ಅದರ ಮೇಲೆ ನೆಲೆಗಟ್ಟಿನಂತಿರುವ ಪ್ರೈಮರ್ ಪದರ, ಅದರ ಮೇಲೆ ನಿಜವಾದ ಬಣ್ಣದ ತೆಳು ಪದರ, ಎಲ್ಲಕ್ಕೂ ಮೇಲೆ ಗ್ಯಾರೇಜಿನವರು ಕ್ಲಿಯರ್ ಕೋಟ್ ಎಂದು ಕರೆಯುವ ಪಾರದರ್ಶಕ ಲೇಪ, ಹೀಗೆ ನಾಲ್ಕು ಪದರಗಳಿರುವುವು. ಎಲ್ಲವೂ ಸೇರಿ ಸಾಮಾನ್ಯವಾಗಿ ೧೦೦ರಿಂದ ೧೫೦ ಮೈಕ್ರಾನ್ ದಪ್ಪವಾಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಇವುಗಳಲ್ಲಿ ಪಾರದರ್ಶಕ ಲೇಪದ ಪಾಲು ೪೦ರಿಂದ ೫೦ ಮೈಕ್ರಾನ್ ಮಾತ್ರ. ನೀವು ಟಿಪ್ಪಣಿ ಬರೆದುಕೊಳ್ಳುವ ಕಾಗದದ ಹಾಳೆ ಸುಮಾರು ೧೦೦ ಮೈಕ್ರಾನ್ ದಪ್ಪವಿರುವುದು. ಅಂದಮೇಲೆ ಕಾರಿನ ಹೊಳಪಿಗೂ ರಕ್ಷಣೆಗೂ ಆಧಾರವಾದ ಲೇಪವು ಕಾಗದದ ಅರ್ಧದಷ್ಟೂ ದಪ್ಪವಿಲ್ಲದಿರಬಹುದು.

ಹಿಂದೆ ಹೀಗಿರಲಿಲ್ಲ. ೧೯೨೦ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯು ಡ್ಯೂಕೊ ಎಂಬ ಹೆಸರಿನಲ್ಲಿ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ಬಳಕೆಗೆ ತಂದಿತು. ಆ ಬಣ್ಣವನ್ನು ಉಜ್ಜಿಯೇ ಹೊಳಪು ಬರಿಸಬೇಕಾಗಿತ್ತು. ನಮ್ಮ ದೇಶದ ಗ್ಯಾರೇಜುಗಳಲ್ಲಿ ಡ್ಯೂಕೊ ಎಂಬ ಮಾತು ಇಂದಿಗೂ ಕೇಳಿಬರುವುದುಂಟು. ಬಹುಕಾಲದವರೆಗೆ ಕಾರಿನ ಮೇಲ್ಪದರವೇ ಬಣ್ಣದ ಪದರವಾಗಿತ್ತು. ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಆ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತಿತ್ತು. ಬಣ್ಣ ಸವೆಯುತ್ತಿದೆ, ಇನ್ನು ಸಾಕು ಎಂಬ ಎಚ್ಚರಿಕೆಯನ್ನು ಬಟ್ಟೆಯೇ ಕೊಡುತ್ತಿತ್ತು. ೧೯೮೦ರ ದಶಕದಲ್ಲಿ ಪಾರದರ್ಶಕ ಲೇಪವು ವ್ಯಾಪಕವಾಗಿ ಬಳಕೆಗೆ ಬಂದಿತು. ಇದನ್ನು ಉಜ್ಜಿದರೆ ಬಟ್ಟೆಗೆ ಹತ್ತುವುದು ಬಿಳಿಯ ಪುಡಿ ಮಾತ್ರ. ಕಾರಿನ ಬಣ್ಣ ಬಟ್ಟೆಯ ಮೇಲೆ ಕಂಡಿತೆಂದರೆ ಪಾರದರ್ಶಕ ಲೇಪ ಅಲ್ಲಿ ಪೂರ್ತಿಯಾಗಿ ಮುಗಿದುಹೋಯಿತೆಂದೇ ಅರ್ಥ. ನಮ್ಮ ಹಿರಿಯರ ಉಜ್ಜುವ ರೂಢಿ ಉಳಿದುಕೊಂಡಿತು. ಅದರೊಂದಿಗಿದ್ದ ಎಚ್ಚರಿಕೆಯ ಗುರುತು ಮಾತ್ರ ಮಾಯವಾಯಿತು. ಅಪಾಯದ ಮೂಲ ಇಲ್ಲಿದೆ.

ಇನ್ನು ಆ ಸುಳಿಗಳ ವಿಚಾರ. ಗೀರುಗಳು ನಿಜವಾಗಿಯೂ ಸುಳಿಯ ಆಕಾರದಲ್ಲಿವೆಯೇ? ಇದನ್ನು ಅರಿಯಲು ಕಾರು ಬೇಕಾಗಿಲ್ಲ. ದಿನವೂ ಉಜ್ಜಿ ತೊಳೆದು ಹಳೆಯದಾದ ಸ್ಟೀಲಿನ ತಟ್ಟೆಯೊಂದನ್ನು ಕತ್ತಲೆಯ ಕೋಣೆಯಲ್ಲಿಟ್ಟು, ಟಾರ್ಚಿನ ಬೆಳಕನ್ನು ಅದರ ಮೇಲೆ ಬೀಳಿಸಿರಿ. ದೀಪದ ಪ್ರತಿಬಿಂಬದ ಸುತ್ತ ಏಕಕೇಂದ್ರ ವೃತ್ತಗಳಂತೆ ಗೀರುಗಳು ಕಾಣುವುವು. ಈಗ ಟಾರ್ಚನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿರಿ. ವೃತ್ತಗಳ ಕೇಂದ್ರವೂ ಅದರೊಡನೆ ಸರಿಯುತ್ತದೆ! ತಟ್ಟೆಯ ಮೇಲಿನ ಗೀರುಗಳು ಸ್ಥಳ ಬದಲಿಸುವುದು ಅಸಾಧ್ಯ. ಆದ್ದರಿಂದ ವೃತ್ತಗಳು ತಟ್ಟೆಯಲ್ಲಿಲ್ಲ, ಬೆಳಕಿನ ಪ್ರತಿಫಲನದಲ್ಲಿವೆ ಎಂದಾಯಿತು.

ಕಾರಣ ಸರಳವಾದುದು. ಗೀರೆಂಬುದು ಒಂದು ಉದ್ದನೆಯ ಸೂಕ್ಷ್ಮ ಕಾಲುವೆ. ಅದರ ಇಳಿಜಾರು ಗೋಡೆಗಳು ಬೆಳಕನ್ನು ತನ್ನ ಉದ್ದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಚೆಲ್ಲುತ್ತವೆ. ಗೀರುಗಳು ಎಲ್ಲ ದಿಕ್ಕುಗಳಲ್ಲಿಯೂ ಅಡ್ಡಾದಿಡ್ಡಿಯಾಗಿ ಬಿದ್ದಿದ್ದರೂ, ದೀಪದ ಪ್ರತಿಬಿಂಬದಿಂದ ಎಳೆದ ರೇಖೆಗೆ ಲಂಬವಾಗಿರುವ ಗೀರುಗಳು ಮಾತ್ರ ನಮ್ಮ ಕಣ್ಣಿನತ್ತ ಬೆಳಕನ್ನು ಕಳುಹಿಸಬಲ್ಲವು. ಅಂತಹ ಗೀರುಗಳನ್ನೆಲ್ಲ ಒಟ್ಟಿಗೆ ನೋಡಿದಾಗ ವೃತ್ತಗಳು ಕಾಣುತ್ತವೆ. ಉಳಿದವು ಅಲ್ಲಿಯೇ ಇದ್ದರೂ ಕಾಣುವುದಿಲ್ಲ. ದೀಪವನ್ನು ಸರಿಸಿದರೂ ಕಾರಿನ ಮೇಲಿನ ಗುರುತುಗಳು ಕದಲದೆ ಒಂದೇ ಕಡೆಗೆ ಬಾಗಿ ನಿಂತಿದ್ದರೆ, ಅವು ಯಂತ್ರವನ್ನು ಸರಿಯಾಗಿ ಬಳಸದವರು ಬಿಟ್ಟುಹೋದ ಸಾಲುಗಳೆಂದು ತಿಳಿಯಬಹುದು. ಒಂದು ಟಾರ್ಚು, ಎರಡು ನಿಮಿಷದ ತಾಳ್ಮೆ ಇವಿಷ್ಟರಿಂದಲೇ ರೋಗನಿದಾನ ಸಾಧ್ಯ.

ಕಪ್ಪು ಕಾರಿನಲ್ಲಿ ಗೀರು ಹೆಚ್ಚು, ಬಿಳಿಯ ಕಾರಿನಲ್ಲಿ ಕಡಿಮೆ ಎಂಬ ನಂಬಿಕೆಯೂ ಹೀಗೆಯೇ ಕಣ್ಣಿನ ಭ್ರಮೆ. ಬಿಳಿಯ ಬಣ್ಣದಿಂದ ಹಿಂದಿರುಗುವ ಅಪಾರ ಬೆಳಕಿನಲ್ಲಿ ಗೀರಿನ ಅಲ್ಪ ಬೆಳಕು ಮುಳುಗಿಹೋಗುತ್ತದೆ. ಕಪ್ಪಿನ ಮೇಲೆ ಅದೇ ಗೀರು ರಾತ್ರಿಯ ನಕ್ಷತ್ರದಂತೆ ಎದ್ದು ಕಾಣುತ್ತದೆ.

ಹಾಗಾದರೆ ಗೀರನ್ನು ತೆಗೆಯುವುದೆಂದರೇನು? ಕಾಲುವೆಯನ್ನು ಹೊಲದಿಂದ ತೆಗೆದುಹಾಕಲು ಎರಡೇ ದಾರಿಗಳಿವೆ: ಕಾಲುವೆಯನ್ನು ತುಂಬುವುದು, ಇಲ್ಲವೇ ಇಡೀ ಹೊಲವನ್ನು ಕಾಲುವೆಯ ತಳದವರೆಗೆ ತಗ್ಗಿಸುವುದು. ಪಾಲಿಷ್ ಮಾಡುವುದೆಂದರೆ ಎರಡನೆಯ ದಾರಿ. ಎರಡು ಮೈಕ್ರಾನ್ ಆಳದ ಗೀರನ್ನು ಪೂರ್ತಿ ಅಳಿಸಬೇಕಾದರೆ ಅದರ ಸುತ್ತಣ ಮೇಲ್ಮೈಯನ್ನೆಲ್ಲ ಎರಡು ಮೈಕ್ರಾನ್ ಸವೆಸಲೇಬೇಕು. ಸವೆಸುವ ಸಾಧನವೂ ಗೀರೇ. ಗಾಜನ್ನು ಉಜ್ಜಿ ನಯಗೊಳಿಸುವುದೆಂದರೆ ದೊಡ್ಡ ಗೀರುಗಳ ಸ್ಥಾನದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳನ್ನು ತರುವುದಲ್ಲದೆ ಬೇರೇನೂ ಅಲ್ಲವೆಂಬ ಭಾವವನ್ನು ನ್ಯೂಟನ್ನನು ಬೆಳಕನ್ನು ಕುರಿತ ತನ್ನ ೧೭೦೪ರ ಗ್ರಂಥದಲ್ಲಿಯೇ ವ್ಯಕ್ತಪಡಿಸಿದ್ದಾನೆ. ಎಷ್ಟು ಸಣ್ಣದಾದರೆ ಸಾಕು? ಏರುತಗ್ಗುಗಳು ಬೆಳಕಿನ ತರಂಗದೂರದ ಎಂಟನೆಯ ಒಂದು ಪಾಲಿಗಿಂತ ಕಡಿಮೆಯಿದ್ದರೆ ಆ ಮೇಲ್ಮೈಯನ್ನು ನಯವೆಂದು ಭಾವಿಸಬಹುದೆಂಬುದು ರ‍್ಯಾಲೆಯವರ ಹೆಸರಿನಿಂದ ಪ್ರಸಿದ್ಧವಾದ ನಿಯಮ. ಹಸಿರು ಬೆಳಕಿನ ತರಂಗದೂರ ಸುಮಾರು ೦.೫೫ ಮೈಕ್ರಾನ್, ಅದರ ಎಂಟನೆಯ ಒಂದು ಪಾಲೆಂದರೆ ಸುಮಾರು ೦.೦೭ ಮೈಕ್ರಾನ್. ಆದುದರಿಂದಲೇ ಮೊದಲು ಒರಟು ಪುಡಿ, ಅನಂತರ ನಯವಾದ ಪುಡಿ ಎಂಬ ಕ್ರಮವನ್ನು ಅನುಸರಿಸಬೇಕಾಗುತ್ತದೆ.

ಈಗ ಕೈ ಮತ್ತು ಯಂತ್ರದ ವಾದಕ್ಕೆ ಬರೋಣ. ೧೯೨೭ರಲ್ಲಿ ಪ್ರೆಸ್ಟನ್ ಎಂಬ ವಿಜ್ಞಾನಿಯು ಗಾಜಿನ ಪಾಲಿಷನ್ನು ಕುರಿತು ಒಂದು ನಿಯಮವನ್ನು ಮುಂದಿಟ್ಟನು. ಮೇಲ್ಮೈ ಸವೆಯುವ ದರವು ಒತ್ತಡ ಮತ್ತು ವೇಗ ಇವುಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ ಎಂಬುದೇ ಆ ನಿಯಮ. ಒತ್ತುತ್ತಿರುವುದು ಕೈಯೋ ಮೋಟಾರೋ ಎಂಬುದು ನಿಯಮಕ್ಕೆ ಬೇಕಾಗಿಲ್ಲ. ಸ್ಥೂಲವಾಗಿ ಒಂದು ಲೆಕ್ಕವನ್ನು ಹಾಕಿ ನೋಡೋಣ.

ಹದಿನೈದು ಸೆಂಟಿಮೀಟರ್ ವ್ಯಾಸದ ಮೆತ್ತೆಯುಳ್ಳ ಯಂತ್ರವು ನಿಮಿಷಕ್ಕೆ ೧,೫೦೦ ಸುತ್ತು ತಿರುಗುತ್ತಿರಲಿ. ಅದನ್ನು ೪೦ ನ್ಯೂಟನ್ ಬಲದಿಂದ ಒತ್ತಲಾಗುತ್ತಿರಲಿ. ಮೆತ್ತೆಯ ಅಂಚಿನ ವೇಗ ಸೆಕೆಂಡಿಗೆ ಸುಮಾರು ೧೨ ಮೀಟರ್, ಸರಾಸರಿ ವೇಗ ಸುಮಾರು ೮ ಮೀಟರ್. ಮೆತ್ತೆಯ ವಿಸ್ತೀರ್ಣ ಸುಮಾರು ೧೭೭ ಚದರ ಸೆಂಟಿಮೀಟರ್ ಆದುದರಿಂದ ಒತ್ತಡವು ಚದರ ಸೆಂಟಿಮೀಟರಿಗೆ ೦.೨೩ ನ್ಯೂಟನ್ ಆಗುವುದು. ಗುಣಲಬ್ಧ ಸುಮಾರು ೧.೮. ಇನ್ನು ಕೈ: ನಾಲ್ಕು ಬೆರಳುಗಳ ತುದಿಯಿಂದ, ಅಂದರೆ ಸುಮಾರು ೬ ಚದರ ಸೆಂಟಿಮೀಟರ್ ಜಾಗದಲ್ಲಿ, ೨೦ ನ್ಯೂಟನ್ ಬಲದಿಂದ ಒತ್ತಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಉಜ್ಜುತ್ತೇವೆಂದು ಇಟ್ಟುಕೊಳ್ಳೋಣ. ಒತ್ತಡ ೩.೩ ನ್ಯೂಟನ್, ಗುಣಲಬ್ಧ ಸುಮಾರು ೧.೭. ಎರಡೂ ಹೆಚ್ಚುಕಡಿಮೆ ಸಮವಾದುವು! ಪುಡಿಯೂ ಬಟ್ಟೆಯೂ ಒಂದೇ ಬಗೆಯವಾಗಿದ್ದಲ್ಲಿ, ಬೆರಳಿನ ತುದಿ ಹರಿದಾಡುವ ಜಾಗದಲ್ಲಿ ಕೈಯೂ ಯಂತ್ರದಷ್ಟೇ ತೀವ್ರವಾಗಿ ಸವೆಸುತ್ತದೆ. ವ್ಯತ್ಯಾಸವಿಷ್ಟೆ: ಯಂತ್ರವು ಅಗಲವಾಗಿ, ಸಮನಾಗಿ ಸವೆಸುತ್ತದೆ, ಕೈ ಬೆರಳಿನ ಗುರುತಿನಲ್ಲಿ ಗೆರೆಗೆರೆಯಾಗಿ ಸವೆಸುತ್ತದೆ. ಕೈಯಿಂದ ಉಜ್ಜುವವರು ಬಟ್ಟೆಯನ್ನು ಬೆರಳಿಗೆ ಸುತ್ತಿಕೊಳ್ಳದೆ ಚಪ್ಪಟೆಯಾದ ಮೆತ್ತೆಯನ್ನು ಬಳಸಬೇಕೆಂಬ ನಿಯಮಕ್ಕೆ ಇದೇ ಕಾರಣ.

ಹಾಗೆಂದು ಯಂತ್ರವು ನಿರಪಾಯವೆಂದು ಭಾವಿಸಬಾರದು. ಶಾಖದ ಲೆಕ್ಕ ಬೇರೆಯೇ ಇದೆ. ಘರ್ಷಣಾಂಕವನ್ನು ೦.೫ ಎಂದು ಹಿಡಿದರೆ, ಮೇಲಿನ ಯಂತ್ರವು ಘರ್ಷಣೆಯಿಂದ ಸುಮಾರು ೧೫೭ ವ್ಯಾಟ್ ಶಾಖವನ್ನು ಉತ್ಪಾದಿಸುತ್ತದೆ. ಕೈ ಉತ್ಪಾದಿಸುವುದು ೫ ವ್ಯಾಟ್ ಮಾತ್ರ. ಯಂತ್ರವನ್ನು ಒಂದೇ ಕಡೆ ನಿಲ್ಲಿಸಿದರೆ ಲೇಪವು ಮೆತ್ತಗಾಗಿ ಕೆಡುವುದು. ಉಕ್ಕಿನ ತಗಡು ಶಾಖವನ್ನು ಬೇಗ ಹರಡಬಲ್ಲದು. ಪ್ಲಾಸ್ಟಿಕ್ಕಿನ ಬಂಪರಿನ ಉಷ್ಣವಾಹಕತೆಯಾದರೋ ಉಕ್ಕಿನದಕ್ಕಿಂತ ನೂರಾರು ಪಟ್ಟು ಕಡಿಮೆ. ಅಲ್ಲಿ ಶಾಖ ನಿಂತಲ್ಲಿಯೇ ನಿಲ್ಲುತ್ತದೆ. ಇನ್ನು ಅಂಚುಗಳಲ್ಲಿ, ಮಡಿಕೆಗಳಲ್ಲಿ ಮೆತ್ತೆಯ ಅಲ್ಪಭಾಗ ಮಾತ್ರ ತಾಗುವುದರಿಂದ ಒತ್ತಡವು ಹತ್ತಾರು ಪಟ್ಟು ಏರುತ್ತದೆ. ನಾನು ಬಾನೆಟ್ಟನ್ನು ಕೆಡಿಸಿದ್ದು ಅಂಚಿನಲ್ಲಿಯೇ ಎಂಬುದನ್ನು ವಾಚಕರು ನೆನೆಯಬೇಕು. ಮೆತ್ತೆಯು ತನ್ನ ಸುತ್ತ ತಿರುಗುತ್ತಲೇ ಅದರ ಕೇಂದ್ರವೂ ಸಣ್ಣ ವೃತ್ತದಲ್ಲಿ ಸುತ್ತುವಂತೆ ರಚಿಸಿದ ಯಂತ್ರಗಳಲ್ಲಿ ಈ ಅಪಾಯ ಕಡಿಮೆ. ಹೆಚ್ಚು ಒತ್ತಿದರೆ ಮೆತ್ತೆಯ ತಿರುಗಾಟ ತಾನಾಗಿಯೇ ನಿಂತುಬಿಡುವುದು. ಹೊಸಬರಿಗೆ ಇದೇ ತಕ್ಕುದು. ಕೈಗಿರುವ ಒಂದು ದೊಡ್ಡ ಗುಣವೆಂದರೆ ಅದು ದಣಿಯುತ್ತದೆ, ಬಿಸಿಯನ್ನು ಅರಿಯುತ್ತದೆ. ಯಂತ್ರಕ್ಕೆ ದಣಿವಿಲ್ಲ, ಸಾಕೆಂದು ಹೇಳಬೇಕಾದವರು ನಾವು.

ಆದರೆ ಕೈಯಾಗಲಿ ಯಂತ್ರವಾಗಲಿ, ಕಳೆದುಕೊಂಡ ಲೇಪವನ್ನು ಹಿಂದಿರುಗಿಸಲಾರದು. ಹೊಳಪನ್ನು ಕಾರಿಗೆ ಕೂಡಿಸುತ್ತೇವೆಂದು ನಾವು ಭಾವಿಸುತ್ತೇವೆ. ನಡೆಯುವುದು ಕಳೆಯುವ ಲೆಕ್ಕ. ಈ ಕಳೆತ ಎಷ್ಟು ಗಂಭೀರವೆಂಬುದನ್ನು ನೋಡಿರಿ. ಪಾರದರ್ಶಕ ಲೇಪದಲ್ಲಿ ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ವಸ್ತುಗಳನ್ನು ಬೆರೆಸಿರುತ್ತಾರೆ. ಕೆಳಗಿನ ಪದರಗಳನ್ನು ಬಿಸಿಲಿನಿಂದ ಕಾಯುವುದು ಅವೇ. ಹೀರುವ ವಸ್ತುವಿನ ಮೂಲಕ ಹಾಯುವ ಕಿರಣವು ದಪ್ಪದೊಂದಿಗೆ ಘಾತೀಯವಾಗಿ ಕುಗ್ಗುತ್ತದೆಂಬ ನಿಯಮವನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿರುತ್ತಾರೆ. ಉದಾಹರಣೆಗಾಗಿ, ೪೫ ಮೈಕ್ರಾನ್ ದಪ್ಪದ ಲೇಪವು ನೂರರಲ್ಲಿ ಒಂದು ಪಾಲು ಅತಿನೇರಳೆಯನ್ನು ಮಾತ್ರ ಒಳಕ್ಕೆ ಬಿಡುವುದೆಂದು ಭಾವಿಸೋಣ. ದಪ್ಪವು ಅರ್ಧವಾದರೆ ಎಷ್ಟು ಒಳಹೋಗುವುದು? ಎರಡು ಪಾಲೆಂದು ಅವಸರದಲ್ಲಿ ಹೇಳುವವರುಂಟು. ಸರಿಯಾದ ಉತ್ತರ ನೂರರಲ್ಲಿ ಹತ್ತು ಪಾಲು. ಮೂರನೆಯ ಒಂದು ಪಾಲು ದಪ್ಪ ಮಾತ್ರ ಉಳಿದರೆ ನೂರರಲ್ಲಿ ೨೧ಕ್ಕೂ ಮಿಗಿಲು! ಅರ್ಧ ಲೇಪ ಹೋದರೆ ಅರ್ಧ ರಕ್ಷಣೆ ಹೋಗುವುದಿಲ್ಲ, ಅಪಾಯವು ಹತ್ತುಪಟ್ಟಾಗುತ್ತದೆ. ವರ್ಷಕ್ಕೊಮ್ಮೆ ಮೂರು ಮೈಕ್ರಾನ್ ಸವೆಸುತ್ತ ಹೋದರೆ ಹತ್ತು ವರ್ಷಗಳಲ್ಲಿ ಮೂವತ್ತು ಮೈಕ್ರಾನ್ ಹೋಗಿರುತ್ತದೆ. ಅಷ್ಟರಲ್ಲಿ ಕಾರು ಪ್ರತಿವರ್ಷವೂ ಹೊಳೆದಿರುತ್ತದೆ, ಪ್ರತಿವರ್ಷವೂ ಬಡವಾಗಿರುತ್ತದೆ.

ಇನ್ನೊಂದು ದಾರಿ ಕಾಲುವೆಯನ್ನು ತುಂಬುವುದು. ಇದಕ್ಕೂ ಒಂದು ಪ್ರಯೋಗವುಂಟು. ಗೀರುಬಿದ್ದ ಪಾರದರ್ಶಕ ಪ್ಲಾಸ್ಟಿಕ್ ಅಳತೆಪಟ್ಟಿಯ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆಯನ್ನು ಸವರಿರಿ. ಗೀರುಗಳು ಮಾಯವಾಗುವುವು. ಎಣ್ಣೆಯ ವಕ್ರೀಭವನಾಂಕ ಸುಮಾರು ೧.೪೫, ಪ್ಲಾಸ್ಟಿಕ್ಕಿನದು ಸುಮಾರು ೧.೫. ಎರಡಕ್ಕೂ ಹೆಚ್ಚು ಅಂತರವಿಲ್ಲದುದರಿಂದ ಬೆಳಕಿಗೆ ಗೀರಿನ ಗೋಡೆಯ ಅರಿವೇ ಆಗುವುದಿಲ್ಲ. ಸಾಬೂನಿನಿಂದ ತೊಳೆದೊಡನೆ ಗೀರುಗಳು ಮರಳಿ ಬರುತ್ತವೆ. ಕೆಲವು ಮೇಣಗಳೂ ಎಣ್ಣೆಬೆರೆತ ಪಾಲಿಷುಗಳೂ ಮಾಡುವುದು ಇದನ್ನೇ. ಇದರಲ್ಲಿ ಕೆಡುಕೇನೂ ಇಲ್ಲ. ಲೇಪ ಸವೆಯದಿರುವುದರಿಂದ ಒಂದು ಬಗೆಯಲ್ಲಿ ಇದೇ ಲೇಸು. ಆದರೆ ಮುಚ್ಚಿದ ಗೀರನ್ನು ತೆಗೆದ ಗೀರೆಂದು ಹೇಳಿ ಹಣ ಪಡೆಯುವುದು ಮೋಸ. ಕೊಳ್ಳುವವರು ಈ ಭೇದವನ್ನು ಅರಿತಿರಬೇಕು.

ಹಾಗಾದರೆ ಪಾಲಿಷ್ ಮಾಡಿಸಲೇಬಾರದೇ? ನನ್ನ ವಾದ ಅಷ್ಟು ಕಠಿಣವಾದುದಲ್ಲ. ಚೆಲುವಾದ ವಸ್ತುವನ್ನು ಚೆಲುವಾಗಿ ಇಟ್ಟುಕೊಳ್ಳಬೇಕೆಂಬ ಆಸೆ ತಪ್ಪಲ್ಲ. ತಿಳಿದು ಮಾಡಬೇಕೆಂಬುದಷ್ಟೇ ನನ್ನ ಬಿನ್ನಹ. ಲೇಪದ ದಪ್ಪವನ್ನು ಅಳೆಯುವ ಉಪಕರಣಗಳಿವೆ. ಉಕ್ಕಿನ ಮೇಲೆ ಕಾಂತೀಯ ಪ್ರೇರಣೆಯಿಂದ, ಅಲ್ಯೂಮಿನಿಯಮ್ಮಿನ ಮೇಲೆ ಸುಳಿ ವಿದ್ಯುತ್ಪ್ರವಾಹದಿಂದ ಅವು ಕೆಲಸ ಮಾಡುತ್ತವೆ. ಇಂತಹ ಸಾಮಾನ್ಯ ಉಪಕರಣ ತೋರಿಸುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನೇ ಹೊರತು ಪಾರದರ್ಶಕ ಲೇಪವೊಂದನ್ನೇ ಅಲ್ಲ. ಆದರೂ ಉಜ್ಜುವ ಮೊದಲೊಮ್ಮೆ, ಆಮೇಲೊಮ್ಮೆ ಅಳೆದರೆ ಎಷ್ಟು ಹೋಯಿತೆಂಬುದು ತಿಳಿಯುತ್ತದೆ. ಅಳೆಯದೆ ಉಜ್ಜುವವನು ಚೀಲದಲ್ಲಿ ಎಷ್ಟಿದೆಯೆಂದು ನೋಡದೆ ಖರ್ಚುಮಾಡುವವನಂತೆ. ಉಗುರಿಗೆ ತೊಡರುವಷ್ಟು ಆಳದ ಗೀರನ್ನು ಅಳಿಸಲು ಹೊರಡಬಾರದು. ಅದರ ಅಂಚುಗಳನ್ನು ನಯಮಾಡಿ ಕಣ್ಣಿಗೆ ಹೊಡೆಯದಂತೆ ಮಾಡಿದರೆ ಸಾಕು. ನಯವಾದ ಪುಡಿಯಿಂದ ಮೊದಲು ಒಂದು ಸಣ್ಣ ಜಾಗದಲ್ಲಿ ಪರೀಕ್ಷಿಸಬೇಕು. ಅದರಿಂದ ಆಗದಿದ್ದರೆ ಮಾತ್ರ ಒರಟಿಗೆ ಹೋಗಬೇಕು.

ಇದೆಲ್ಲಕ್ಕಿಂತ ಮುಖ್ಯವಾದುದು ಗೀರು ಬೀಳದಂತೆ ನೋಡಿಕೊಳ್ಳುವುದು. ನಮ್ಮ ರಸ್ತೆಗಳ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಹೇರಳವಾಗಿವೆ. ಮೋಸ್ ಮಾಪಕದಲ್ಲಿ ಬೆಣಚುಕಲ್ಲಿನ ಕಾಠಿಣ್ಯ ೭. ಅದು ಗಾಜನ್ನೇ ಗೀರಬಲ್ಲದು, ಲೇಪದ ಪಾಡೇನು! ಬೆಳಗಾಗೆದ್ದು ಒಣಬಟ್ಟೆಯಿಂದ ಕಾರನ್ನು ಒರೆಸುವವನು ತಿಳಿಯದೆಯೇ ಮರಳುಕಾಗದದಿಂದ ಉಜ್ಜುತ್ತಿರುತ್ತಾನೆ. ಬೆಂಗಳೂರಿನ ವಸತಿಸಮುಚ್ಚಯಗಳಲ್ಲಿ ಒಂದೇ ಬಕೆಟ್ ನೀರಿನಲ್ಲಿ ಹತ್ತಾರು ಕಾರುಗಳನ್ನು ಒರೆಸುವುದನ್ನು ಯಾರೂ ನೋಡಬಹುದು. ತಪ್ಪು ಒರೆಸುವವರದಲ್ಲ, ಪ್ರತಿದಿನವೂ ಕಾರು ಹೊಳೆಯಬೇಕೆಂದು ಬಯಸಿ, ನೀರು ಮಾತ್ರ ಸಾಲದಷ್ಟು ಕೊಡುವ ನಮ್ಮದು. ನೀರಾದರೂ ಎಲ್ಲಿದೆ? ೨೦೨೪ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕಾರು ತೊಳೆಯಲು ಕುಡಿಯುವ ನೀರನ್ನು ಬಳಸಕೂಡದೆಂದು ಆಜ್ಞೆಮಾಡಿ, ಮೀರಿದವರಿಗೆ ೫,೦೦೦ ರೂಪಾಯಿ ದಂಡವನ್ನು ವಿಧಿಸಿದುದು ವಾಚಕರಿಗೆ ನೆನಪಿರಬಹುದು. ನೀರಿನ ಅಭಾವವಿದ್ದಾಗ ಮಾಡತಕ್ಕುದು ಒಣಬಟ್ಟೆಯಿಂದ ಒರೆಸುವುದಲ್ಲ, ಧೂಳನ್ನು ಹಾಗೆಯೇ ಬಿಡುವುದು. ಸುಮ್ಮನೆ ಕುಳಿತ ಧೂಳು ಗೀರುವುದಿಲ್ಲ. ಎಳೆದ ಧೂಳು ಗೀರುತ್ತದೆ. ಹಕ್ಕಿಯ ಹಿಕ್ಕೆಯನ್ನು ಮಾತ್ರ ಒದ್ದೆಬಟ್ಟೆಯಿಟ್ಟು ನೆನೆಸಿ ಬೇಗನೆ ತೆಗೆಯಬೇಕು. ತೊಳೆಯುವ ದಿನ ಮೊದಲು ನೀರು ಸುರಿದು ಧೂಳನ್ನು ಇಳಿಸಿ, ಆಮೇಲೆ ಸಾಬೂನಿನ ನೀರಿಗೊಂದು, ಬಟ್ಟೆ ಹಿಂಡುವುದಕ್ಕೊಂದು ಎಂದು ಎರಡು ಬಕೆಟ್ಟುಗಳನ್ನು ಇಟ್ಟುಕೊಂಡರೆ ಅರ್ಧಕ್ಕರ್ಧ ಗೀರುಗಳು ಬೀಳುವುದೇ ಇಲ್ಲವೆಂಬುದು ನನ್ನ ಅನುಭವ.

ಭೌತಶಾಸ್ತ್ರದ ಪಾಠಗಳು ಪರೀಕ್ಷೆಯ ಕಾಗದದೊಂದಿಗೆ ಮುಗಿಯುವುವೆಂದು ತಿಳಿದ ವಿದ್ಯಾರ್ಥಿಗಳು ಅನೇಕರಿದ್ದಾರೆ. ಒತ್ತಡ, ಘರ್ಷಣೆ, ಪ್ರತಿಫಲನ, ಘಾತೀಯ ನಿಯಮ, ಇವನ್ನೆಲ್ಲ ನಾನು ಕರಿಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆನು. ಯಂತ್ರವನ್ನು ಕೈಗೆತ್ತಿಕೊಂಡ ದಿನ ಅವುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಓದಿರದ ತಂದೆಯವರಿಗೆ ಹೊಳೆದ ವಿವೇಕ ಓದಿದ ಮಗನಿಗೆ ಹೊಳೆಯಲಿಲ್ಲ. ಈಗ ಅದೇ ಬಾನೆಟ್ಟಿನ ಮೇಲೆ ಮತ್ತೆ ಸುಳಿಗೀರುಗಳು ಮೂಡಿವೆ. ಸಂಜೆಯ ಬಿಸಿಲಿನಲ್ಲಿ ಅವು ಸೂರ್ಯನ ಸುತ್ತ ವೃತ್ತವಾಗಿ ನಿಂತಿರುವುದನ್ನು ನೋಡುತ್ತೇನೆ; ಅವು ನಿಜವಾಗಿ ಎಷ್ಟು ಆಳವೆಂದು ಉಗುರಿನಿಂದ ಸವರಿ ನೋಡುತ್ತೇನೆ; ಯಂತ್ರವನ್ನು ಬಾಡಿಗೆಗೆ ತರುವ ಯೋಚನೆಯನ್ನು ಇನ್ನೂ ಕೆಲವು ವರ್ಷ ಮುಂದಕ್ಕೆ ಹಾಕುತ್ತೇನೆ.